ಕಲ್ಲುಬಾನಿ ಪಕ್ಕದ ಲಕ್ಕಿ ಗಿಡ

ಸೊಳ್ಳೆ ಕಚ್ಚಿದರೆ ಎಲ್ಲರೂ ಫಟ್ಟನೆ ಹೊಡೆದುಕೊಳ್ಳುತ್ತಾರೆ. ಹೊಡೆದುಕೊಂಡದ್ದು ಕೂಡ ಗೊತ್ತಿರುವುದಿಲ್ಲ, ಕೈ ತಾನಾಗಿ ಹೋಗಿರುತ್ತದೆ. ನನ್ನ ಗಂಡನ ಕೈ ಹಾಗೆ ಹೋಗುವುದು ನಿಂತು ಎರಡು ವರ್ಷವಾಯಿತು. ಲಕ್ವ ಹೊಡೆದು ಬಲಗಡೆಯ ಕೈಕಾಲು ಬಿದ್ದುಹೋದವು. ಮಾತೂ ಹೋಯಿತು. ಉಳಿದದ್ದು ಎಡಗೈ, ಎರಡು ಕಣ್ಣು, ‘ಉಂ’ ಅನ್ನುವ ಒಂದು ಸದ್ದು. ಬಲಗೈಯ ಮೇಲೆ ಸೊಳ್ಳೆ ಕೂತು ಹೊಟ್ಟೆ ಕೆಂಪಗಾಗುವವರೆಗೆ ಕುಡಿದರೂ ಅವನಿಗೆ ತಿಳಿಯದು. ಹೊಡೆಯದ ಕೈ ಯಾವುದು ಎಂದು ಸೊಳ್ಳೆಗಳಿಗೆ ಬೇಗ ಗೊತ್ತಾಗುತ್ತದೆ. ಅವು ಅದನ್ನೇ ಹುಡುಕಿಕೊಂಡು ಬರುತ್ತಿದ್ದವು.

ಗಂಡನನ್ನು ‘ಅವನು’ ಎಂದು ಬರೆದದ್ದಕ್ಕೆ ಯಾರೂ ಮುಖ ಸಿಂಡರಿಸಬೇಡಿ. ಅವನು ನನ್ನ ಅವ್ವನ ಕಿರಿಯ ತಮ್ಮ. ನಾನು ಹುಟ್ಟಿದ್ದು ನಂಜನಗೂಡು ಕಡೆಯ ಹೆಮ್ಮರಗಾಲದಲ್ಲಿ. ಅವ್ವನ ತವರು ನರಸೀಪುರ ತಾಲ್ಲೂಕಿನ ಈ ಹೆಮ್ಮಿಗೆ. ಅವನು ನನಗಿಂತ ಆರು ವರ್ಷಕ್ಕೆ ದೊಡ್ಡವನು, ಅಷ್ಟೇ. ಬೇಸಿಗೆಯಲ್ಲಿ ಇಲ್ಲಿಗೆ ಬಂದಾಗ ಹೊಳೆಯಲ್ಲಿ ನನ್ನ ತಲೆ ಹಿಡಿದು ಮುಳುಗಿಸಿ ಅಳಿಸಿದವನು. ಆಮೇಲೆ ಅವನಿಗೇ ಕೊಟ್ಟರು. ತಾಳಿ ಕಟ್ಟಿದ ಮರುದಿನದಿಂದ ಬಹುವಚನ ಹಚ್ಚು ಎಂದು ಅಜ್ಜಿ ಹೇಳಿದಳು. ನಾಲಿಗೆ ತಿರುಗಲಿಲ್ಲ. ಅವನೂ ಕೇಳಲಿಲ್ಲ.

ನಮ್ಮ ಮನೆಯ ಮುಂದೆ ಉದ್ದದ ಕಲ್ಲು ಜಗಲಿ ಇದೆ. ಅದರ ಒಂದು ಚಪ್ಪಡಿಯ ಮೇಲೆ ಚೌಕಾಬಾರದ ಮನೆಗಳನ್ನು ಉಳಿಯಲ್ಲಿ ಕೊರೆದಿದ್ದಾರೆ. ಯಾರು ಕೊರೆದರೋ ನನಗೆ ತಿಳಿಯದು. ನಾನು ಲಂಗ ಹಾಕಿಕೊಂಡು ಓಡಾಡುವಾಗಲೂ ಅದು ಇತ್ತು. ಸಂಜೆ ಹಾಲು ಡೈರಿಗೆ ಹೋದ ಮೇಲೆ, ದೀಪ ಹಚ್ಚುವ ಮುಂಚೆ, ಆ ಚಪ್ಪಡಿಯ ಆಚೆ ಈಚೆ ನನ್ನ ಗಂಡನೂ ಎದುರುಮನೆಯವನೂ ಕೂರುತ್ತಿದ್ದರು. ಎದುರುಮನೆಯವನು ಅವನ ಓರಗೆಯವನು, ಒಟ್ಟಿಗೆ ಎಮ್ಮೆ ಮೇಯಿಸಿದವನು. ನಾಲ್ಕು ಕವಡೆ, ಒಂದಿಷ್ಟು ಹುಣಸೆ ಬೀಜ, ಬಳೆಚೂರು. ಐವತ್ತು ವರ್ಷ ಅದೇ ಆಟ, ಅದೇ ಜಗಳ.

ಲಕ್ವ ಹೊಡೆದ ಮೇಲೆ ಆರು ತಿಂಗಳು ಅವನು ಒಳಮನೆಯ ಮಂಚದ ಮೇಲೆ ಗೋಡೆಗೆ ಮುಖ ಹಾಕಿಕೊಂಡು ಮಲಗಿದ್ದ. ತಿನ್ನಿಸಿದರೆ ತಿಂದ, ತಿರುಗಿಸಿದರೆ ತಿರುಗಿದ. ನರಸೀಪುರದ ಡಾಕ್ಟರು ನೋಡಿ, “ಔಷಧಿ ಅರ್ಧ ಕೆಲಸ ಮಾಡುತ್ತಮ್ಮ. ಇನ್ನರ್ಧ ಜನ ಮಾಡಬೇಕು. ಇವರನ್ನು ದಿನಾ ಹೊರಗೆ ಕೂರಿಸಿ, ಎಡಗೈಗೆ ಕೆಲಸ ಕೊಡಿ,” ಅಂದರು. ಮಾರನೇ ದಿನವೇ ನಾನು, ಮಗ, ಸೊಸೆ ಸೇರಿ ಕುರ್ಚಿ ಸಮೇತ ಎತ್ತಿ ಜಗಲಿಗೆ ತಂದೆವು. ಎದುರುಮನೆಯವನು ಕವಡೆ ತಂದು ಅವನ ಎಡಗೈಗೆ ಹಾಕಿದ.

“ಆಡ್ಲಾ. ಎಡಗೈ ಅಂತ ನಾನೇನ್ ಬುಟ್ಕೊಡಾಕಿಲ್ಲ.”

ಕವಡೆ ಬಿತ್ತು. ಅರ್ಧ ಬಾಯಿ ನಕ್ಕಿತು. ಆರು ತಿಂಗಳ ಮೇಲೆ ನಕ್ಕದ್ದು ಅದೇ ಮೊದಲು.

ಆದರೆ ನಮ್ಮದು ನಾಲೆ ಬಯಲು. ಮನೆಯ ಹಿಂದೆ ಗದ್ದೆ, ಗದ್ದೆಯಾಚೆ ಹೊಳೆ. ಹೊತ್ತು ಇಳಿಯುತ್ತಿದ್ದಂತೆ ಸೊಳ್ಳೆ ಏಳುತ್ತವೆ. ಒಂದು ಆಟ ಮುಗಿಯುವಷ್ಟರಲ್ಲಿ ಅವನ ಬಲಗೈ ರಾಗಿ ಚೆಲ್ಲಿದಂತೆ ದದ್ದು. ಸೊಳ್ಳೆ ಕಾಯಿಲ್ ಹಚ್ಚಿದೆವು. ಹೊಗೆಗೆ ಅವನು ಕೆಮ್ಮಿದ. ಕೆಮ್ಮುವುದಕ್ಕೂ ಬಲವಿಲ್ಲದೆ ಕಣ್ಣು ಗುಡ್ಡೆ ಮೇಲಾಯಿತು. ಎದೆಯಲ್ಲಿ ಕಫ ಕಟ್ಟುವವರಿಗೆ ಹೊಗೆ ಆಗದು ಎಂದು ಡಾಕ್ಟರು ಬೈದರು. ಕಾಯಿಲ್ ಹೊಗೆಯೂ ಬೇಡ, ಬೇವಿನ ಹೊಗೆಯೂ ಬೇಡ, ಸಾಂಬ್ರಾಣಿಯೂ ಬೇಡ. ಪ್ಲಗ್ಗಿಗೆ ಹಾಕುವ ಸೀಸೆ ಬಯಲಲ್ಲಿ ನಡೆಯಲಿಲ್ಲ. ಅಂಗಡಿಯ ಮುಲಾಮು ಹಚ್ಚಿದರೆ ಅವನ ಚರ್ಮ ಸುಟ್ಟಂತೆ ಕೆಂಪಗಾಯಿತು. ಸೊಳ್ಳೆಪರದೆಯನ್ನೇ ಜಗಲಿಗೆ ಕಟ್ಟಿದೆ. ಅವನು ಒಳಗೆ, ಜೊತೆಗಾರ ಹೊರಗೆ, ಚಪ್ಪಡಿ ಹೊರಗೆ. ಎಡಗೈಯಲ್ಲಿ ಪರದೆ ಹಿಡಿದು ಎಳೆದು ಹರಿದುಹಾಕಿದ.

ಕೊನೆಗೆ ಜ್ವರ ಬಂತು. ನಾಲ್ಕು ದಿನ ಆಸ್ಪತ್ರೆ. ಮನೆಗೆ ಕರೆತಂದ ದಿನ ಮಗ ಅಂದ:

“ಅವ್ವ, ಇನ್ ಸಾಕು. ಅಪ್ಪನ್ನ ಒರೀಕ್ ಕೂರ್ಸದೇ ಬ್ಯಾಡ. ಒಳಗೆ ಟಿವಿ ಆಕ್ಕೊಡ್ತೀನಿ.”

“ಟಿವಿ ನೋಡ್ಕಂಡ್ ಗ್ವಾಡೆ ಕಡೀಕ್ ತಿರಿಕತಾನೆ ಕಣೋ. ಎಲ್ಡೇ ತಿಂಗ್ಳು, ಆಮೇಕೆ ಎತ್ತಾಕ್ಬೇಕಾಯ್ತದೆ.”

“ಜ್ವರ ಬಂದ್ರೂ ಎತ್ತಾಕ್ಬೇಕಾಯ್ತದೆ.”

ಅವನು ಹೇಳಿದ್ದೂ ಸರಿ, ನಾನು ಹೇಳಿದ್ದೂ ಸರಿ. ಆದ್ದರಿಂದ ಇಬ್ಬರಿಗೂ ಕೋಪ ಬಂತು. ಕಡೆಗೆ ನಾನೇ, “ಸೊಳ್ಳೆ ಕಚ್ಚದಂಗ್ ಮಾಡ್ತೀನಿ. ಮಾಡಿದ್ ಮ್ಯಾಲೆ ಒಂದು ವಾರ ಕೂರ್ಸು. ಒಂದು ದದ್ದು ಕಂಡ್ರೂ ನೀನ್ ಏಳ್ದಂಗೆ,” ಎಂದೆ. ಹೇಳಿಬಿಟ್ಟೆ. ಹೇಗೆ ಮಾಡುವುದು ಎಂದು ಆಗ ಗೊತ್ತಿರಲಿಲ್ಲ.

ಹೆಮ್ಮರಗಾಲದಲ್ಲಿ ನನ್ನ ಅವ್ವ ಭತ್ತದ ಕಣಜಕ್ಕೆ, ಕೊಟ್ಟಿಗೆಯ ಗೋಡೆಗೆ ಲಕ್ಕಿ ಸೊಪ್ಪು ಸಿಕ್ಕಿಸುತ್ತಿದ್ದಳು. ಹುಳ ಹಿಡಿಯದು, ದನಕ್ಕೆ ನೊಣ ಮುತ್ತದು. ನಾವು ಮಕ್ಕಳು ಹಾಲು ಕರೆಯುವಾಗ ಕೈಕಾಲಿಗೆ ಆ ಸೊಪ್ಪನ್ನೇ ಕಿವುಚಿ ಹಚ್ಚಿಕೊಳ್ಳುತ್ತಿದ್ದೆವು. ಖಾರ ವಾಸನೆ, ಸೀನು ಬರುತ್ತದೆ. ಹೆಮ್ಮಿಗೆಯಲ್ಲಿ ನಾಲೆ ಏರಿಯ ಮೇಲೆ ಲಕ್ಕಿ ಬೇಕಾದಷ್ಟಿತ್ತು. ನಾಲೆಗೆ ಸಿಮೆಂಟು ಹಾಕುವಾಗ ಜೆಸಿಬಿ ಬಂದು ಬಾಚಿಕೊಂಡು ಹೋಯಿತು. ಹಾಗಾಗಿ ತವರಿಗೆ ಹೋದೆ.

ನರಸೀಪುರಕ್ಕೆ ಒಂದು ಬಸ್ಸು, ನಂಜನಗೂಡಿಗೆ ಒಂದು, ಅಲ್ಲಿಂದ ಮತ್ತೊಂದು. ತಮ್ಮನ ಹೊಲದ ಬದುವಿನಲ್ಲಿ ಲಕ್ಕಿ ಇನ್ನೂ ಇತ್ತು. ನಾನು ಕಂಡ ಗಿಡವೇ ಇರಬೇಕು, ಬುಡ ತೊಡೆಯಷ್ಟಾಗಿತ್ತು. ಬಲಿತ ರೆಂಬೆ ಇಪ್ಪತ್ತು ಕೊಯ್ದು, ಒದ್ದೆ ಗೋಣಿ ಸುತ್ತಿ, ತಲೆಯ ಮೇಲಿಟ್ಟುಕೊಂಡು ಬಂದೆ.

“ಯಾಕಕ್ಕ, ಅಪರೂಪಕ್ ಬಂದು ಸೌದೆ ಒತ್ಕೊಂಡ್ ಓಯ್ತಿದ್ದೀಯೆ?” ಎಂದ ತಮ್ಮ. ಉಣ್ಣು ಎಂದರೂ ನಿಲ್ಲಲಿಲ್ಲ. ರೆಂಬೆ ಒಣಗುತ್ತದೆ ಎಂದು ನನಗೆ ಅವಸರ.

ನಂಜನಗೂಡಿನಲ್ಲಿ ಬಸ್ಸು ಹತ್ತಿದರೆ ಕಂಡಕ್ಟರು ಹೊರೆ ನೋಡಿದ.

“ಅಜ್ಜಿ, ನಿಂಗೆ ಪುಕ್ಸಟ್ಟೆ ಸರಿ. ಈ ಗಿಡುಕ್ಕೆ ಆಧಾರ್ ಕಾರ್ಡ್ ಎಲ್ಲಿ?”

“ಎಣ್ಣು ಗಿಡ ಕಣಪ್ಪ. ಅದ್ಕೂ ಪುಕ್ಸಟ್ಟೆ.”

ಬಸ್ಸೆಲ್ಲ ನಕ್ಕಿತು. ಅವನೂ ನಕ್ಕು, ಹೊರೆಯನ್ನು ಡ್ರೈವರ್ ಹಿಂದೆ ಇಟ್ಟು, ನರಸೀಪುರದಲ್ಲಿ ತಾನೇ ಇಳಿಸಿಕೊಟ್ಟ.

ಇಪ್ಪತ್ತರಲ್ಲಿ ಏಳು ಬದುಕಿದವು. ಎಲ್ಲವನ್ನೂ ಜಗಲಿಯ ಕೆಳಗೆ ಸಾಲಾಗಿ ನೆಟ್ಟಿದ್ದೆ. ಅಷ್ಟರಲ್ಲಿ ಬೇರೆ ಗಿಡಗಳನ್ನೂ ತಂದೆ. ಸೊಸೆ ಟೀಗೆ ಹಾಕುವ ಮಜ್ಜಿಗೆ ಹುಲ್ಲು ಹಿತ್ತಲಲ್ಲಿತ್ತು. ಅದರ ನಿಂಬೆ ವಾಸನೆ ಸೊಳ್ಳೆಗೆ ಆಗದು ಎಂದು ಅಂಗನವಾಡಿಯಲ್ಲಿ ಹೇಳಿದ್ದರಂತೆ. ಬುಡ ಸೀಳಿ ಪೇಂಟಿನ ಡಬ್ಬಗಳಿಗೆ ಹಾಕಿದೆ. ಕಾಮಕಸ್ತೂರಿ, ತುಳಸಿ, ಚೆಂಡು ಹೂವು, ಯಾರ ಮನೆಯ ಮುಂದೆ ಏನು ಘಾಟು ಬಂದರೂ ಒಂದು ಕಡ್ಡಿ ಕೇಳಿದೆ. ಮೂರು ನಾಲ್ಕು ತಿಂಗಳಲ್ಲಿ ಅವನ ಕುರ್ಚಿಯ ಜಾಗದ ಸುತ್ತ ಸೊಪ್ಪಿನ ಕೋಟೆಯೇ ಎದ್ದಿತು. ಅಲ್ಲಿಯವರೆಗೆ ಅವನು ಒಳಮನೆಯಲ್ಲೇ, ಎದುರುಮನೆಯವನು ದಿನಾ ಬಂದು ಮಂಚದ ಪಕ್ಕ ಕೂತು ಹೋಗುತ್ತಿದ್ದ. ನಾನು ಸೊಂಟಕ್ಕೆ ಕೈ ಕೊಟ್ಟು ನೋಡಿಕೊಂಡೆ.

ಸೊಸೆ ಒಂದು ಡಬ್ಬ ಅಲ್ಲಾಡಿಸಿದಳು. ಎಲೆಯ ಅಡಿಯಿಂದ ಸೊಳ್ಳೆಗಳು ಮೋಡದಂತೆ ಎದ್ದವು.

“ಅತ್ತೆ, ಸೊಳ್ಳೆ ಓಡ್ಸಕ್ ಗಿಡ ಮಡಗಿದ್ರಾ, ಮಧ್ಯಾನ್ದಲ್ಲಿ ತಣ್ಣಗ್ ಮನೀಕಳ್ಳಿ ಅಂತ ಚಪ್ರ ಆಕ್ಕೊಟ್ರಾ?”

ಅವಳು ಹೇಳಿದ್ದು ನಿಜ. ಗಿಡ ಸುಮ್ಮನೆ ನಿಂತರೆ ಸೊಳ್ಳೆಗೆ ಏನೂ ಅಲ್ಲ. ಅದಕ್ಕೆ ಅದೂ ಒಂದು ನೆರಳು. ಎಲೆ ಮುರಿಯಬೇಕು, ಕಿವುಚಬೇಕು, ರಸ ಬರಬೇಕು, ಆಗಲೇ ವಾಸನೆ ಹೊರಡುವುದು. ಹಾಲು ಕರೆಯುವಾಗ ಕೈಗೆ ಹಚ್ಚಿಕೊಂಡಿದ್ದನ್ನು ನೆನೆದು ನೆನೆದು ಗಿಡ ತಂದವಳು, ತಂದ ಮೇಲೆ ಅದನ್ನೇ ಮರೆತಿದ್ದೆ. ಪೇಟೆಯವರ ಹಾಗೆ ಕುಂಡ ಸಾಲಿಟ್ಟು ಕೂತಿದ್ದೆ.

ಆಮೇಲೆ ಎಣ್ಣೆ ಕಾಯಿಸಲು ಶುರು ಮಾಡಿದೆ. ಲಕ್ಕಿ ಎಲೆಯನ್ನು ಒಂದು ದಿನ ನೆರಳಿನಲ್ಲಿ ಬಾಡಿಸಿದೆ, ಹಸಿಯದು ಹಾಕಿದರೆ ಎಣ್ಣೆ ಸಿಡಿಯುತ್ತದೆ. ಕೊಬ್ಬರಿ ಎಣ್ಣೆಯಲ್ಲಿ ಸಣ್ಣ ಉರಿಯ ಮೇಲೆ ಎಲೆ ಗರಿಗರಿಯಾಗುವವರೆಗೆ ಬಿಟ್ಟು, ಇಳಿಸಿ, ಬಿಸಿ ಆರುವ ಮೊದಲು ಜಜ್ಜಿದ ಮಜ್ಜಿಗೆ ಹುಲ್ಲು ಹಾಕಿ ಮುಚ್ಚಿಟ್ಟೆ. ಬೇವಿನೆಣ್ಣೆಯನ್ನೂ ನೋಡಿದೆ. ಅದು ಸೊಳ್ಳೆಗಿಂತ ಮೊದಲು ಎದುರುಮನೆಯವನನ್ನು ಓಡಿಸಿತು.

“ಅತ್ಗೆ, ಜಗಲೀಲಿ ಓತ ಕಟ್ಟಿದ್ದೀರಾ?” ಎಂದು ಮೂಗು ಮುಚ್ಚಿಕೊಂಡ. ಹೋತದ ನಾತ ತಡೆದುಕೊಂಡು ಯಾರು ಚೌಕಾಬಾರ ಆಡುತ್ತಾರೆ. ಬೇವು ಬಿಟ್ಟೆ.

ಅವನ ಮೈಗೆ ಹಚ್ಚುವ ಮೊದಲು ನನ್ನ ಮೈಗೆ ಹಚ್ಚಿ ನೋಡಿದೆ. ಒಂದು ತೋಳಿಗೆ ಬರೀ ಲಕ್ಕಿ ಎಣ್ಣೆ, ಇನ್ನೊಂದಕ್ಕೆ ಎರಡೂ ಸೇರಿದ್ದು, ಕಾಲಿಗೆ ಏನೂ ಇಲ್ಲ. ಸಂಜೆ ಕೊಟ್ಟಿಗೆಯಲ್ಲಿ ಹಸುಗಳ ಮಧ್ಯೆ ಮಣೆ ಹಾಕಿಕೊಂಡು ಕೂತೆ. ಮಗ ಹಾಲಿನ ಕ್ಯಾನು ತೆಗೆದುಕೊಳ್ಳಲು ಬಂದವನು ನೋಡಿ ನಿಂತ.

“ಏನ್ ಮಾಡ್ತಿದ್ದೀಯವ್ವ?”

“ಕಚ್ಚುಸ್ಕತಿವ್ನಿ. ಓಗತ್ಲಾಗಿ.”

ಕಾಲು ಉರಿದುಹೋಯಿತು. ಬರೀ ಲಕ್ಕಿಯ ತೋಳಿಗೆ ಎರಡು ಮೂರು. ಎರಡೂ ಸೇರಿದ ತೋಳಿಗೆ ಕೂತವು, ಕಾಲೂರದೆ ಎದ್ದವು. ಆದರೆ ಎಣ್ಣೆಯ ಗುಣ ಬಹಳ ಹೊತ್ತು ನಿಲ್ಲದು. ಒಂದೂವರೆ ಆಟ ಮುಗಿಯುವಷ್ಟು ಹೊತ್ತು ಎಂದು ನಾನು ಲೆಕ್ಕ ಹಾಕಿದೆ. ನನಗೆ ಬೇಕಾದದ್ದು ಅಷ್ಟೇ ಹೊತ್ತು. ಅವನ ಹೆಗಲ ಮೇಲೆ ಒಂದು ಬೊಟ್ಟು ಹಚ್ಚಿ ಎರಡು ದಿನ ಕಾದೆ. ಚರ್ಮ ಕೆಂಪಗಾಗಲಿಲ್ಲ. ಮಗನಿಗೆ ಹೇಳಿದೆ, ಇವತ್ತಿನಿಂದ ನಿನ್ನ ವಾರ ಎಣಿಸು.

ಹಚ್ಚುವುದಕ್ಕೆ ಒಂದು ಕ್ರಮ ಮಾಡಿಕೊಂಡೆ. ಮೊದಲು ಬಲಗೈ, ಆಮೇಲೆ ಬಲಗಾಲು. ಅವು ಮಾತಾಡದವು, ಅವಕ್ಕೆ ಮೊದಲು. ಬೆರಳು ಒಂದೊಂದಾಗಿ ಬಿಡಿಸಿ, ಸಂದಿಗೆಲ್ಲ ಹಚ್ಚಬೇಕು. ಮುದುರಿದ ಅಂಗೈ ತೆರೆದರೆ ಒಳಗೆ ಮಗುವಿನ ಅಂಗೈಯ ಹಾಗೆ ಬೆವರಿರುತ್ತದೆ. ಈ ಕೈ ನೇಗಿಲು ಹಿಡಿದ ಕೈ. ಜಡ್ಡು ಕಟ್ಟಿದ್ದ ಜಾಗಗಳೆಲ್ಲ ಎರಡು ವರ್ಷದಲ್ಲಿ ಕರಗಿ ಮೆತ್ತಗಾಗಿದ್ದವು. ಮದುವೆಯಾಗಿ ಇಷ್ಟು ವರ್ಷವಾದರೂ ಅವನ ಕೈಯನ್ನು ನಾನು ಇಷ್ಟು ಹೊತ್ತು ಹಿಡಿದುಕೊಂಡಿರಲಿಲ್ಲ. ನಮ್ಮಲ್ಲಿ ಯಾರು ಹಿಡಿದುಕೊಂಡು ಕೂರುತ್ತಾರೆ. ಎಡಗೈಗೆ ಬಂದರೆ ಅವನು ತಾನೇ ಚಾಚುತ್ತಿದ್ದ. ಮುಖಕ್ಕೆ ಹಚ್ಚುವಾಗ ಕಣ್ಣು ಮುಚ್ಚುತ್ತಿದ್ದ.

ಮೂರು ದಿನ ಚೆನ್ನಾಗಿ ನಡೆಯಿತು. ಮಗ ಡೈರಿಯಿಂದ ಬಂದವನೇ ಅಪ್ಪನ ಕೈ ತಿರುಗಿಸಿ ಮುರುಗಿಸಿ ನೋಡುತ್ತಿದ್ದ. ಏನೂ ಸಿಕ್ಕಲಿಲ್ಲ. ನಾಲ್ಕನೇ ದಿನ ಪಾದದ ಮೇಲೆ ಎರಡು ದದ್ದು. ವಾರ ತುಂಬಲಿ ಎಂದು ಮಗ ಕಂಡೂ ಕಾಣದಂತಿದ್ದ. ಐದನೇ ದಿನ ಕುತ್ತಿಗೆಯಲ್ಲಿ. ಆರನೇ ದಿನ ಸೊಳ್ಳೆಗಳು ಎಣ್ಣೆ ಹಚ್ಚದ ಕಿವಿಯ ಹಿಂದೆ, ರೆಪ್ಪೆಯ ಮೇಲೆ ಜಾಗ ಹುಡುಕಿ ಕೂತವು. ಎಣ್ಣೆ ಕೆಟ್ಟಿತೋ ಎಂದು ಹೊಸದು ಕಾಯಿಸಿದೆ. ಅದೇ ಕತೆ. ಒಂದೆರಡು ಸೊಳ್ಳೆಯಾದರೆ ವಾಸನೆಗೆ ಹೆದರಿ ಹೋದಾವು. ಹಿಂಡೇ ಬಂದರೆ ಯಾವ ಎಣ್ಣೆ ತಡೆಯುತ್ತದೆ. ಇಷ್ಟು ಸೊಳ್ಳೆ ಎಲ್ಲಿಂದ ಬರುತ್ತಿವೆ ಎನ್ನುವುದು ನನಗೆ ತಿಳಿಯಲಿಲ್ಲ. ಗದ್ದೆ ಕೊಯ್ಲಾಗಿ ಒಣಗಿತ್ತು.

ಮಗ ಬೈಯಲಿಲ್ಲ. ಅದೇ ನನಗೆ ಕಷ್ಟವಾಯಿತು. “ನಾಳೆ ಒಂದಿನ ಕೂರ್ಸವ್ವ. ಆಮೇಕ್ ಬ್ಯಾಡ,” ಎಂದು ಹೇಳಿ ಕೈತೊಳೆಯಲು ಹೋದ.

ಇಲ್ಲಿ ಕಲ್ಲುಬಾನಿಯ ವಿಷಯ ಹೇಳಬೇಕು. ಜಗಲಿಯ ತುದಿಯಲ್ಲಿ, ಬೀದಿಗೆ ತಾಗಿದಂತೆ, ಒಂದೇ ಕಲ್ಲಿನಲ್ಲಿ ಕೊರೆದ ಬಾನಿ ಇದೆ. ನನ್ನ ಗಂಡನ ಅಪ್ಪ, ಅಂದರೆ ನನ್ನ ತಾತ, ಹೊಳೆಕಡೆಯಿಂದ ಮೇದು ಬರುವ ಊರ ದನಗಳು ಕುಡಿಯಲಿ ಎಂದು ಇಡಿಸಿದ್ದು. ಬಾನಿ ತುಂಬಿರಬೇಕು, ಬತ್ತಬಾರದು. ಮನೆಯಲ್ಲಿ ಸಾವಾದಾಗ ಮಾತ್ರ ಅದನ್ನು ಬರಿದು ಮಾಡಿ, ತೊಳೆದು, ಹೊಸ ನೀರು ತುಂಬುವುದು. ಬಾನಿ ಬರಿದಾಗಿದ್ದು ಕಂಡರೆ ಈ ಮನೆಯಲ್ಲಿ ಯಾರೋ ಹೋದರು ಎಂದು ಊರಿಗೆ ತಿಳಿಯುತ್ತದೆ, ಬೇರೆ ಹೇಳಿಕಳಿಸಬೇಕಾಗಿಲ್ಲ. ಕೊನೆಯ ಸಲ ಬರಿದು ಮಾಡಿದ್ದು ನನ್ನ ಅಜ್ಜಿ, ಅಂದರೆ ಅತ್ತೆ, ತೀರಿಕೊಂಡಾಗ. ಅದಾಗಿ ಬಹಳ ವರ್ಷವಾಯಿತು. ಈಗ ಊರ ದನ ಎಂದು ಮೇಯುವುದಕ್ಕೆ ಹೋಗುವುದಿಲ್ಲ, ಎಲ್ಲರ ಹಸುಗಳೂ ಅವರವರ ಕೊಟ್ಟಿಗೆಯಲ್ಲಿ ನಲ್ಲಿ ನೀರು ಕುಡಿಯುತ್ತವೆ. ಆದರೂ ನಾನು ದಿನಾ ಎರಡು ಕೊಡ ಸುರಿಯುತ್ತಿದ್ದೆ.

ಲಕ್ವ ಹೊಡೆದ ಮೇಲೆ ನಾಲ್ಕು ಕೊಡ ಮಾಡಿದೆ. ಕಾರಣ ಯಾರಿಗೂ ಹೇಳಿರಲಿಲ್ಲ, ಈಗ ಹೇಳುತ್ತೇನೆ. ಬಾನಿಯಲ್ಲಿ ನೀರು ಒಂದು ಗೇಣು ಇಳಿದರೂ ನಾನು ಕೊಡ ಹಿಡಿದು ಓಡುತ್ತಿದ್ದೆ. ಕಂಠಮಟ್ಟ ತುಂಬಿದ್ದರೆ ಅವನಿಗೇನೂ ಆಗದು ಎಂದು ತಲೆಗೆ ಹೊಕ್ಕಿತ್ತು. ಚೆಲ್ಲಿದ ನೀರಿಗೆ ಪಕ್ಕದ ಲಕ್ಕಿ ಗಿಡ ಎಲ್ಲಕ್ಕಿಂತ ಸೊಂಪಾಗಿ ಬೆಳೆದಿತ್ತು. ಅದನ್ನೂ ನಾನು ಒಳ್ಳೆಯ ಲಕ್ಷಣ ಎಂದುಕೊಂಡಿದ್ದೆ.

ಅವನು ಹೊರಗೆ ಕೂರಲು ಶುರು ಮಾಡಿದಂದಿನಿಂದ ಸಂಜೆ ಸಂಜೆ ಎಡಗೈ ಎತ್ತಿ ಬಾನಿಯ ಕಡೆ ತೋರಿಸುತ್ತಿದ್ದ. “ಉಂ. ಉಂ.” ನಾನು ನೋಡುತ್ತಿದ್ದೆ, ಸ್ವಲ್ಪ ಇಳಿದಿರುತ್ತಿತ್ತು. ಅಪ್ಪ ಇಡಿಸಿದ ಬಾನಿ, ಮಗನಿಗೆ ಕಾಳಜಿ ಎಂದು ಇನ್ನೊಂದು ಕೊಡ ಸುರಿಯುತ್ತಿದ್ದೆ. ಸುರಿದಷ್ಟೂ ಅವನು ತಲೆ ಜೋರಾಗಿ ಅಲ್ಲಾಡಿಸುತ್ತಿದ್ದ. ತುಂಬಿತಲ್ಲ, ಇನ್ನೇನು ಎಂದು ನಾನೂ ಗದರುತ್ತಿದ್ದೆ.

ಏಳನೇ ದಿನ. ನನಗೆ ಮಂಡಿನೋವು, ಯಾವಾಗಲೂ ಬಗ್ಗಿ ನಿಂತೇ ಎಣ್ಣೆ ಹಚ್ಚುವುದು. ಅವತ್ತು ಕೊನೆಯ ದಿನ ತಾನೇ, ಪಾದಕ್ಕೆ ಸರಿಯಾಗಿ ಹಚ್ಚೋಣ ಎಂದು ಅವನ ಕುರ್ಚಿಯ ಬುಡದಲ್ಲಿ ನೆಲಕ್ಕೇ ಕೂತೆ. ಹೊತ್ತು ಇಳಿದಿತ್ತು. ಬೀದಿಯ ಕೊನೆಯಿಂದ ಬಿಸಿಲು ಅಡ್ಡಕ್ಕೆ ಬಂದು ಬಾನಿಯ ನೀರಿನೊಳಕ್ಕೆ ಹೊಕ್ಕಿತ್ತು. ಅವನು ಎಂದಿನ ಹಾಗೆ ಕೈ ತೋರಿಸಿದ. ನಾನು ಅವನ ಬೆರಳಿನ ಉದ್ದಕ್ಕೇ ನೋಡಿದೆ.

ನಿಂತವರ ಕಣ್ಣಿಗೆ ಬಾನಿಯ ನೀರಿನಲ್ಲಿ ಆಕಾಶ ಕಾಣುತ್ತದೆ. ಅಡ್ಡ ಬಿಸಿಲು ಬಿದ್ದಾಗ ಅವನ ಹಾಗೆ ಕೂತು ನೋಡಿದರೆ ನೀರಿನ ಒಳಗು ಕಾಣುತ್ತದೆ. ತಲೆ ಕೆಳಗೆ ಬಾಲ ಮೇಲೆ ಮಾಡಿಕೊಂಡು, ಕೊಂಕಿ ಕೊಂಕಿ ಕುಣಿಯುವ ಸಣ್ಣ ಹುಳ. ನೂರಲ್ಲ, ಇನ್ನೂರಲ್ಲ. ಹತ್ತಿರ ಸರಿದು ಬೊಗಸೆಯಲ್ಲಿ ಎತ್ತಿದೆ. ಬೊಗಸೆ ತುಂಬ ಮಿಲಮಿಲ. ಅವನ ಕುರ್ಚಿಯಿಂದ ನಾಲ್ಕು ಮೊಳ ದೂರದಲ್ಲಿ, ದಿನಾ ನಾಲ್ಕು ಕೊಡ ನೀರು ಹೊತ್ತು, ನಾನೇ ಸೊಳ್ಳೆ ಸಾಕಿದ್ದೆ.

“ನೀನ್ ತೋರುಸ್ತಿದ್ದುದ್ದು ಇದಾ?”

“ಉಂ.”

“ಅಟ್ ದಿನ್ದಿಂದ್ಲೂವಾ?”

“ಉಂ.”

ಮಾತು ಹೋದವನು ಅವನು, ಕಿವುಡಿ ನಾನು. ಕೊಡ ತರಲು ಎದ್ದೆ.

ಎದುರುಮನೆಯವನು ಆಗ ತಾನೇ ಕವಡೆ ಹಿಡಿದುಕೊಂಡು ಬಂದಿದ್ದ. ನಾನು ಬಾನಿಯಿಂದ ಒಂದು ಕೊಡ ಮೊಗೆದು ಗಿಡದ ಬುಡಕ್ಕೆ ಸುರಿದೆ. ಎರಡು ಕೊಡದ ತನಕ ಸುಮ್ಮನೆ ನೋಡಿದ. ಮೂರಕ್ಕೆ ಬಂದು ಕೊಡದ ಕಂಠ ಹಿಡಿದ.

“ಅತ್ಗೆ, ಬುದ್ಧಿಗಿದ್ಧಿ ಕೆಟ್ಟದಾ? ದೊಡ್ಡಯ್ಯ ಇಡ್ಸಿದ್ ಬಾನಿ. ಮುಸ್ಸಂಜೇಲಿ ಬರಿದು ಮಾಡ್ತಿದ್ದೀರಲ್ಲ. ಇವನ್ನ ಇಲ್ ಕೂರ್ಸ್ಕಂಡು.”

“ಇದ್ರ ತುಂಬ ಸೊಳ್ಳೆಮರಿ ಅವೆ ನೋಡು.”

“ಇದ್ರೆ ಇರ್ಲಿ. ಸಾವಿಲ್ದೆ ಬಾನಿ ತೊಳದೋರ್ ಉಂಟಾ?”

ಕೊಡ ಕೆಳಗಿಟ್ಟೆ. ಸುಳ್ಳೇಕೆ ಹೇಳಲಿ, ಅವನು ಹೇಳಿದ್ದನ್ನೇ ನಾನು ಎರಡು ವರ್ಷದಿಂದ ನನಗೆ ಹೇಳಿಕೊಂಡಿದ್ದೆ. ನಾನು ಗಂಡನ ಮುಖ ನೋಡಿದೆ. ಅವನು ಎಡಗೈ ಅಂಗೈ ಮೇಲೆ ಮಾಡಿ, ಹೊರಕ್ಕೆ ತಿರುವಿ ಹಾಕಿದ. ಚೆಲ್ಲು. ಇನ್ನೊಂದು ಸಲ ತಿರುವಿದ. ಚೆಲ್ಲು ಅಂದೆನಲ್ಲ.

ಸೊಸೆಯನ್ನು ಕರೆದೆ. ಅವಳು ಒಂದು ಮಾತೂ ಕೇಳದೆ ಸೆರಗು ಸಿಕ್ಕಿಸಿಕೊಂಡು ಬಕೆಟ್ಟು ಹಿಡಿದಳು. ಲಕ್ಕಿಗೆ, ಮಜ್ಜಿಗೆ ಹುಲ್ಲಿಗೆ ಸುರಿದು ಸಾಲದೆ ಬೀದಿಗೂ ಸುರಿದೆವು. ತಳದಲ್ಲಿ ಮೊಣಕೈವರೆಗೆ ಪಾಚಿ. ನಾನು ಬಾನಿಯೊಳಗೇ ಇಳಿದು ಲಕ್ಕಿ ಸೊಪ್ಪಿನ ಹಿಡಿಯಲ್ಲಿ ಉಜ್ಜತೊಡಗಿದೆ.

ನೀರು ಬೀದಿಯಲ್ಲಿ ಹರಿದು ಹೋದದ್ದು ಮೂಲೆಮನೆಯ ಮುದುಕಿಗೆ ಕಂಡಿರಬೇಕು. ಅವಳು ತಲೆಯ ಮೇಲೆ ಸೆರಗೆಳೆದುಕೊಂಡು, “ಅಯ್ಯೋ ನಮ್ಮಪ್ಪ, ನಿನ್ನೆ ಕಂಡಿದ್ನಲ್ಲ,” ಎಂದು ರಾಗ ತೆಗೆದುಕೊಂಡೇ ಬಂದಳು. ಬಂದು ನೋಡಿದರೆ ಆ ‘ಅಪ್ಪ’ ಕುರ್ಚಿಯಲ್ಲಿ ಕೂತು ಅವಳನ್ನೇ ನೋಡುತ್ತಿದ್ದಾನೆ. ಅವಳ ರಾಗ ಅರ್ಧಕ್ಕೆ ನಿಂತಿತು.

“ಬದುಕವ್ನಾ?”

“ಉಂ,” ಎಂದ ಅವನೇ.

ನಾನು ನಗಬೇಕು ಎನ್ನುವಷ್ಟರಲ್ಲಿ ಬೀದಿಯ ತಿರುವಿನಲ್ಲಿ ಮಗನ ಬೈಕು ಬಂತು. ಹರಿಯುವ ನೀರು ನೋಡಿದ. ಖಾಲಿ ಬಾನಿಯಲ್ಲಿ ನಿಂತ ನನ್ನನ್ನು ನೋಡಿದ. ಬೈಕು ಬಿಟ್ಟುಬಿಟ್ಟ, ಅದು ಪಕ್ಕಕ್ಕೆ ಉರುಳಿತು, ಕ್ಯಾನು ಡಣಡಣ ಎಂದು ಚರಂಡಿಗೆ ಹೋಯಿತು. ಒಂದು ಕಾಲಿನ ಚಪ್ಪಲಿ ಕಳಚಿ ಬಿದ್ದದ್ದೂ ತಿಳಿಯದೆ ಓಡಿಬಂದ. “ಅಪ್ಪ” ಎಂದು ಕರೆದನೋ ಇಲ್ಲವೋ, ಬಾಯಿ ಮಾತ್ರ ತೆರೆದಿತ್ತು. ನಲವತ್ತೆರಡು ವರ್ಷದ ಗಂಡಸು, ಐದು ವರ್ಷದವನಾಗಿ ಕಂಡ. ನಮ್ಮ ಸಾಲು ಗಿಡಗಳ ಮರೆಯಲ್ಲಿ ಕುರ್ಚಿ ಅವನಿಗೆ ಮೊದಲು ಕಂಡಿರಲಿಲ್ಲ. ಗಿಡ ಸೀಳಿಕೊಂಡು ಒಳಗೆ ನುಗ್ಗಿದ. ಎದುರಿಗೇ ಅಪ್ಪ, ಕೈಯಲ್ಲಿ ನಾಲ್ಕು ಕವಡೆ.

ಮಗ ಅಲ್ಲೇ ಜಗಲಿಯ ಮೇಲೆ ಕುಸಿದು ಕೂತು ಅಪ್ಪನ ತೊಡೆಯ ಮೇಲೆ ತಲೆ ಇಟ್ಟ. ಅವನ ಬೆನ್ನು ಅಲ್ಲಾಡುತ್ತಿತ್ತು. ಎಡಗೈ ಕವಡೆ ಸಮೇತ ಅವನ ತಲೆಯ ಮೇಲೆ ಬಂದು ಕೂತಿತು. ಎದುರುಮನೆಯವನಿಗೆ ಅಂಥದ್ದು ಆಗದು.

“ಲೋ, ಕವಡೆ ಆಕ್ಲಾ. ಬದುಕಿರೋದೇ ಆದ್ರೆ ನಿಂದೇ ಆಟ.”

ಮಗ ಮುಖ ಒರೆಸಿಕೊಂಡು ಎದ್ದು ನನ್ನ ಕಡೆ ತಿರುಗಿದ. ಈಗ ಬೈಯುತ್ತಾನೆ ಎಂದುಕೊಂಡೆ. ನಾನು ಕೊಡದ ತಳದಲ್ಲಿ ಉಳಿದಿದ್ದ ಹುಳದ ನೀರು ತೋರಿಸಿದೆ. ನೋಡಿದ. ಬಾನಿ ನೋಡಿದ. ಹೆಂಡತಿಯ ಕೈಯಿಂದ ಬಕೆಟ್ಟು ತೆಗೆದುಕೊಂಡು ಬಾನಿಗೆ ಇಳಿದ.

“ನೀನ್ ಮ್ಯಾಕ್ಕೆ ಬಾವ್ವ. ಜಾರಿ ಬಿದ್ದು ನಿಜವಾಗ್ಲೂ ಬಾನಿ ತೊಳ್ಯೋ ಅಂಗ್ ಮಾಡೀಯೆ.”

ಅವನ ವಾರ ಅಲ್ಲಿಗೆ ಮುಗಿಯಿತು. ಇನ್ನೊಂದು ವಾರ ಕೇಳಬೇಕಾಗಲಿಲ್ಲ. ಹುಳ ಹೋದರೂ ಹಾರಾಡುವ ಸೊಳ್ಳೆ ಒಂದು ಹತ್ತು ದಿನ ಇದ್ದವು. ಆಮೇಲೆ ಕಡಿಮೆಯಾದವು. ಉಳಿದವಕ್ಕೆ ಎಣ್ಣೆ ಸಾಕಾಯಿತು. ಪೇಂಟಿನ ಡಬ್ಬಗಳ ತಳಕ್ಕೂ ತೂತು ಹೊಡೆಸಿದೆ, ಅಲ್ಲಿಯೂ ನೀರು ನಿಲ್ಲುತ್ತಿತ್ತು.

ಬಾನಿಯನ್ನು ಬರಿದೇ ಬಿಡಲಿಲ್ಲ. ಸೋಮವಾರ, ಶುಕ್ರವಾರ ತೊಳೆದು ಹೊಸ ನೀರು ತುಂಬುತ್ತೇವೆ. ಹಳೆಯ ನೀರು ಲಕ್ಕಿಗೆ. ತಾತ ಹೇಳಿದ್ದು ಬತ್ತಬಾರದು ಎಂದು. ಕೊಳೆಯಲಿ ಎಂದು ಅವನು ಹೇಳಿರಲಿಲ್ಲ. ಈಗ ಬೀದಿಯಲ್ಲಿ ನೀರು ಹರಿದರೆ ಯಾರೂ ಓಡಿಬರುವುದಿಲ್ಲ. ಎದುರುಮನೆಯವನು ಮಾತ್ರ, “ವಾರುಕ್ ಎಲ್ಡ್ ಸಲ ಸಾಯ್ತೀಯಲ್ಲೊ, ನಿಂಗ್ ನಾಚ್ಕೆ ಆಗಾಕಿಲ್ವಾ?” ಎಂದು ಅವನನ್ನು ಕೇಳುತ್ತಾನೆ. ಅವನು ಅರ್ಧ ಬಾಯಲ್ಲಿ ನಗುತ್ತಾನೆ. ನಿಜವಾಗಿ ಹೋಗುವ ದಿನ ಊರಿಗೆ ತಿಳಿಯುವುದು ಹೇಗೆ ಎಂದು ಸೊಸೆ ಕೇಳಿದಳು. ಬಾಯಿಂದ ಹೇಳಿದರಾಯಿತು ಎಂದೆ. ನಮಗೆ ಬಾಯಿ ಇದೆಯಲ್ಲ.

ಮೊನ್ನೆ ಸಂಜೆ ಎಣ್ಣೆ ಹಚ್ಚುತ್ತಾ ಅವನ ಬಲಗೈಯ ಬೆರಳು ಬಿಡಿಸುತ್ತಿದ್ದೆ. ಆ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಎದುರುಮನೆಯವನ ಜೊತೆ ನನ್ನದು ಏನೋ ಮಾತು. ಇದ್ದಕ್ಕಿದ್ದಂತೆ ನನ್ನ ತೋಳಿಗೆ ಫಟ್ ಎಂದು ಒಂದು ಏಟು ಬಿತ್ತು. ಚುರ್ ಎಂದಿತು. ಜನ್ಮದಲ್ಲಿ ನನ್ನ ಮೇಲೆ ಕೈ ಎತ್ತಿದವನಲ್ಲ. ತಿರುಗಿ ನೋಡಿದೆ. ಅವನು ಎಡಗೈ ಅಂಗೈ ತೆರೆದು ನನ್ನ ಮುಖದ ಮುಂದೆ ಹಿಡಿದ. ಮಧ್ಯದಲ್ಲಿ ಅಪ್ಪಚ್ಚಿಯಾದ ಒಂದು ಸೊಳ್ಳೆ, ಒಂದು ಬೊಟ್ಟು ರಕ್ತ. ನನ್ನದೇ ರಕ್ತ. ಅವನಿಗೆ ಹಚ್ಚುವ ಗಡಿಬಿಡಿಯಲ್ಲಿ, ಕೊಟ್ಟಿಗೆಯಲ್ಲಿ ಕೂತ ಆ ಸಂಜೆ ಬಿಟ್ಟರೆ, ನಾನು ಒಂದು ದಿನವೂ ಹಚ್ಚಿಕೊಂಡಿರಲಿಲ್ಲ.

“ಎಟ್ ಜೋರಾಗ್ ಒಡೀತೀಯೊ,” ಎಂದೆ.

ಅವನು ಎಣ್ಣೆ ಬಟ್ಟಲಿಗೆ ಎರಡು ಬೆರಳು ಅದ್ದಿದ. ನನ್ನ ತೋಳು ಹಿಡಿಯಲು ಇನ್ನೊಂದು ಕೈ ಇಲ್ಲ. ಅದಕ್ಕೆ ನಾನೇ ತೋಳು ಹತ್ತಿರಕ್ಕೆ ಒಯ್ದೆ.